ಒಂದೇ ವಿಳಾಸ, ಎರಡು ಸರ್ವರ್

ಆಲಮಟ್ಟಿ ಜಲಾಶಯದ ಹಿನ್ನೀರು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಏರಿದಾಗ ಜನರೆಲ್ಲ ಒಂದೇ ದಿನ ನವನಗರಕ್ಕೆ ಬಂದವರಲ್ಲ. ಹಂತ ಹಂತವಾಗಿ, ವರ್ಷಗಳ ಅಂತರದಲ್ಲಿ ಬಂದರು. ಪರ ಊರಿನ ನೆಂಟರಿಗೆ ಮಾತ್ರ ಎರಡೂ ಬಾಗಲಕೋಟೆಯೇ. ಸಂಸ್ಥೆಯೊಂದು ತನ್ನ ಇಮೇಲನ್ನು ಹೊಸ ಸರ್ವರ್‌ಗೆ ಸಾಗಿಸುವಾಗಲೂ ಸ್ಥಿತಿ ಹೀಗೆಯೇ ಇರುತ್ತದೆ.

ಹೊರಗಿನಿಂದ ಬರುವ ಪತ್ರ ಎತ್ತ ಹೋಗಬೇಕೆಂಬುದನ್ನು ತೀರ್ಮಾನಿಸುವುದು ವಿಳಾಸದ ಕೊನೆಯಲ್ಲಿರುವ ಡೊಮೇನ್ ಹೆಸರು. ಆ ಡೊಮೇನಿನ ಪತ್ರಗಳನ್ನು ಪಡೆಯುವ ಸರ್ವರ್ ಯಾವುದೆಂದು ಡಿಎನ್‌ಎಸ್‌ನಲ್ಲಿರುವ, ಅಂದರೆ ಇಂಟರ್ನೆಟ್ಟಿನ ಹೆಸರುಗಳ ಕೋಶದಲ್ಲಿರುವ, ಎಂಎಕ್ಸ್ ದಾಖಲೆ ತಿಳಿಸುತ್ತದೆ. 1986ರಲ್ಲಿ ರೂಪುಗೊಂಡ ಈ ಏರ್ಪಾಡು ಇಡೀ ಡೊಮೇನಿಗೆ ಅನ್ವಯಿಸುತ್ತದೆಯೇ ಹೊರತು ಒಬ್ಬೊಬ್ಬರಿಗೆ ಬೇರೆ ಬೇರೆ ದಾರಿ ತೋರಿಸುವುದಿಲ್ಲ. ಎರಡೂ ಸರ್ವರ್‌ಗಳನ್ನು ದಾಖಲೆಯಲ್ಲಿ ಸೇರಿಸಿದರಾಯಿತೆಂದು ಹಲವರು ಭಾವಿಸುತ್ತಾರೆ. ಅದು ತಪ್ಪು: ದಾಖಲೆಯಲ್ಲಿ ಪ್ರತಿ ಸರ್ವರ್‌ಗೂ ಆದ್ಯತೆಯ ಅಂಕಿಯೊಂದಿರುತ್ತದೆ, ಕಡಿಮೆ ಅಂಕಿಯ ಸರ್ವರ್ ಸಿಗದಿದ್ದಾಗಷ್ಟೇ ಮುಂದಿನದನ್ನು ಪ್ರಯತ್ನಿಸಲಾಗುತ್ತದೆ, ಪತ್ರ ಯಾರದೆಂದು ಅಲ್ಲಿ ಯಾರೂ ನೋಡುವುದಿಲ್ಲ. ಆದ್ದರಿಂದ ಒಂದು ಸರ್ವರ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಪಡೆದು, ಸ್ಥಳಾಂತರಗೊಂಡವರ ಪತ್ರಗಳನ್ನು ಇನ್ನೊಂದಕ್ಕೆ ದಾಟಿಸಬೇಕು.

ನವನಗರದ ಕಾಲೇಜೊಂದರಲ್ಲಿ ನಾವು ಲೆಕ್ಕಪತ್ರ ವಿಭಾಗವನ್ನು ಮೊದಲು ಸಾಗಿಸಿದೆವು. ಹೊರಗಿನ ಪತ್ರಗಳು ಸರಿಯಾಗಿ ಬಂದವು; ಪರೀಕ್ಷಾ ವಿಭಾಗದವರು ಒಳಗಿನಿಂದಲೇ ಕಳಿಸಿದವು ಬರಲಿಲ್ಲ, ದೋಷದ ಸೂಚನೆಯೂ ಬರಲಿಲ್ಲ. ನಾವು ದಾಟಿಸುವ ನಿಯಮವನ್ನು ಹೊರಗಿನ ಪತ್ರಗಳಿಗೆ ಮಾತ್ರ ಬರೆದಿದ್ದೆವು. ಒಳಗಿನವನ್ನು ಹಳೆ ಸರ್ವರ್ ತನ್ನಲ್ಲೇ ಉಳಿದಿದ್ದ ಹಳೆ ಖಾತೆಗಳಿಗೆ ತಲುಪಿಸುತ್ತಿತ್ತು. ಆ ಪೆಟ್ಟಿಗೆ ತೆರೆದಾಗ ಒಂದು ವಾರದ ಪತ್ರಗಳು ಓದದೆ ಬಿದ್ದಿದ್ದವು. ವಾಪಸು ಬಂದ ಪತ್ರಕ್ಕಿಂತ ಹೀಗೆ ಸದ್ದಿಲ್ಲದೆ ಉಳಿಯುವ ಪತ್ರವೇ ಹೆಚ್ಚು ಅಪಾಯಕಾರಿ ಎಂದು ನಾನು ಅಂದಿನಿಂದ ನಂಬಿದ್ದೇನೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ತನ್ನಲ್ಲಿಲ್ಲದ ಹೆಸರಿನ ಪತ್ರವನ್ನು ಎರಡೂ ಸರ್ವರ್‌ಗಳು ಪರಸ್ಪರ ದಾಟಿಸುವಂತಿದ್ದರೆ ಅದು ಅವುಗಳ ನಡುವೆಯೇ ಸುತ್ತುತ್ತದೆ. ಪ್ರತಿ ಸರ್ವರ್ ಪತ್ರದ ತಲೆಯ ಮೇಲೆ ‘ರಿಸೀವ್ಡ್’ ಎಂಬ ಸಾಲೊಂದನ್ನು ಸೇರಿಸುವುದರಿಂದ, ತೆರೆದು ನೋಡಿದರೆ ಎರಡೇ ಹೆಸರುಗಳು ಒಂದಾದ ಮೇಲೊಂದು ಕಾಣುತ್ತವೆ. ಸಾಲುಗಳು ಮಿತಿ ಮೀರಿದಾಗ ಸರ್ವರ್ ಪತ್ರವನ್ನು ತಿರಸ್ಕರಿಸುತ್ತದೆ. ‘ಇಂಥವರು ಇಲ್ಲಿಲ್ಲ’ ಎಂಬ ಕೊನೆಯ ಮಾತು ಒಂದೇ ಸರ್ವರ್‌ನದಾಗಿರಬೇಕು.

ಎಲ್ಲರೂ ಬಂದ ಮೇಲೆ ಎಂಎಕ್ಸ್ ದಾಖಲೆಯನ್ನು ಬದಲಿಸಬೇಕು. ದಾಖಲೆಯ ಆಯಸ್ಸು 86,400 ಸೆಕೆಂಡ್ ಎಂದಿದ್ದರೆ ಹೊರಗಿನವರು ಹಳೆ ಉತ್ತರವನ್ನೇ ಒಂದು ದಿನ ನೆನಪಿಡುತ್ತಾರೆ. ಹಾಗಾಗಿ ಅದನ್ನು ಮುಂಚೆಯೇ 300ಕ್ಕೆ ಇಳಿಸುವುದು ವಾಡಿಕೆ. ಆ ಬಳಿಕವೂ ಹಳೆ ಸರ್ವರ್ ಕೆಲವು ದಿನ ಪತ್ರಗಳನ್ನು ದಾಟಿಸುತ್ತಲೇ ಇರಲಿ, ಅದರ ಲಾಗ್‌ನಲ್ಲಿ, ಅಂದರೆ ಕೆಲಸದ ದಿನಚರಿಯಲ್ಲಿ, ಹೊರಗಿನ ಪತ್ರದ ಸಾಲು ಕಾಣದಂತಾಗುವವರೆಗೆ.