ಕ್ಷಯದ ಲೆಕ್ಕದಲ್ಲಿ ಬಡತನ ಎಲ್ಲಿ ಮಾಯವಾಗುತ್ತದೆ?

ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಕ್ಷಯದ ಸೋಂಕು ತಗುಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ. ಆ ಐದೋ ಹತ್ತೋ ಮಂದಿ ಯಾರು? ಎಚ್‌ಐವಿ, ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಮದ್ಯ, ಧೂಮಪಾನ, ಇಕ್ಕಟ್ಟಾದ ಮನೆ, ಬಡತನ: ಪಟ್ಟಿಯೇನೋ ಹಳೆಯದೇ. ಆದರೆ ಇವು ಒಂದೊಂದಾಗಿ ಬರುವುದಿಲ್ಲ, ಗುಂಪುಕಟ್ಟಿಕೊಂಡು ಬರುತ್ತವೆ. ಯಾವುದರ ಪಾಲೆಷ್ಟು ಎಂದು ಬಿಡಿಸಲು ಸಂಖ್ಯಾಶಾಸ್ತ್ರದ ಮಾದರಿ ಬೇಕು.

ಒಂದು ಕಾಲ್ಪನಿಕ ಲೆಕ್ಕ ನೋಡಿ. 200 ರೋಗಿಗಳಲ್ಲಿ 80 ಮಂದಿ ಸೇದುವವರು. ರೋಗವಿಲ್ಲದ 400 ಮಂದಿಯಲ್ಲಿ 100. ಎರಡೂ ಕಡೆ ಸೇದುವವರನ್ನು ಸೇದದವರಿಂದ ಭಾಗಿಸಿ, 80/120ನ್ನು 100/300ರಿಂದ ಭಾಗಿಸಿದರೆ 2 ಬರುತ್ತದೆ. ಇದೇ ಆಡ್ಸ್ ರೇಶಿಯೊ; 1 ಬಂದರೆ ಸಂಬಂಧವಿಲ್ಲ ಎಂದರ್ಥ. ಈಗ ಕುಡಿಯುವವರನ್ನು ಬೇರೆ ಮಾಡಿ. ಕುಡಿಯುವ 100 ರೋಗಿಗಳಲ್ಲಿ 60 ಮಂದಿ, ಕುಡಿಯುವ 100 ಆರೋಗ್ಯವಂತರಲ್ಲಿ 50 ಮಂದಿ ಸೇದುತ್ತಾರೆ ಎನ್ನೋಣ: 1.5. ಉಳಿದ, ಕುಡಿಯದವರಲ್ಲಿ 100 ರೋಗಿಗಳಿಗೆ 20, 300 ಆರೋಗ್ಯವಂತರಿಗೆ 50: 1.25. ಅಂದರೆ ಮೊದಲು ಕಂಡ 2ರಲ್ಲಿ ಒಂದಷ್ಟು ಪಾಲು ಮದ್ಯದ್ದು. ಲಾಜಿಸ್ಟಿಕ್ ರಿಗ್ರೆಷನ್ ಎಂಬ ಮಾದರಿ ಇಂಥ ವಿಂಗಡಣೆಯನ್ನೇ ಹಲವು ಅಂಶಗಳಿಗೆ ಒಟ್ಟಿಗೆ ಮಾಡುತ್ತದೆ. ಒಂದೊಂದು ಅಂಶಕ್ಕೆ ಕನಿಷ್ಠ ಹತ್ತು ರೋಗಿಗಳಾದರೂ ಇರಲಿ ಎಂಬ ಒರಟು ನಿಯಮವಿದೆ. ಅದಕ್ಕಿಂತ ಕಡಿಮೆಯಿದ್ದರೆ ಸಂಖ್ಯೆಗಳು ಮನಬಂದಂತೆ ಏರಿಳಿಯುತ್ತವೆ.

ಲೆಕ್ಕ ಸರಿಯಿದ್ದೂ ಉತ್ತರ ತಪ್ಪಾಗುವುದು ಬಡತನದ ವಿಷಯದಲ್ಲಿ. ಬಡತನ ನೇರವಾಗಿ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಅರೆಹೊಟ್ಟೆಯ ಮೂಲಕ, ಗಾಳಿಯಾಡದ ಕೋಣೆಯ ಮೂಲಕ ಇಳಿಯುತ್ತದೆ. ಆದಾಯ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ), ಕೋಣೆಗೆಷ್ಟು ಜನ ಎಂಬ ಮೂರನ್ನೂ ಒಂದೇ ಮಾದರಿಗೆ ಹಾಕಿದರೆ ಆದಾಯದ ಆಡ್ಸ್ ರೇಶಿಯೊ 1ರ ಹತ್ತಿರಕ್ಕೆ ಜಾರಬಹುದು. ‘ಆದಾಯಕ್ಕೂ ಕ್ಷಯಕ್ಕೂ ಸಂಬಂಧವಿಲ್ಲ’ ಎಂದು ವರದಿ ಸಿದ್ಧ! ಮಾದರಿ ಸುಳ್ಳು ಹೇಳಿಲ್ಲ. ತೂಕವೂ ಮನೆಯೂ ಒಂದೇ ತೆರನಾಗಿರುವವರ ನಡುವೆ ಆದಾಯ ಇನ್ನೇನಾದರೂ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅದು ಉತ್ತರಿಸಿದೆ, ಅಷ್ಟೆ. ಬಡತನದ ಒಟ್ಟು ಪರಿಣಾಮ ಬೇಕಿದ್ದರೆ ನಡುದಾರಿಯ ಬಿಎಂಐ, ಕೋಣೆಯ ಇಕ್ಕಟ್ಟು ಎರಡನ್ನೂ ಹೊರಗಿಡಬೇಕು. ಆದ್ದರಿಂದ ದತ್ತಾಂಶ ಮುಟ್ಟುವ ಮೊದಲೇ ಯಾವುದರಿಂದ ಯಾವುದು ಎಂದು ಕಾಗದದ ಮೇಲೆ ಬಾಣ ಎಳೆದುಕೊಳ್ಳುವುದು ಒಳ್ಳೆಯದು. ಪಿ-ಮೌಲ್ಯ (ಕಂಡ ಸಂಬಂಧ ಬರೀ ಆಕಸ್ಮಿಕವೇ ಎಂದು ಅಂದಾಜಿಸಲು ಬಳಸುವ ಸಂಖ್ಯೆ) ನೋಡಿ ಅಂಶಗಳನ್ನು ತಾನೇ ಆರಿಸುವ ಸಾಫ್ಟ್‌ವೇರ್‌ಗೆ ಈ ಬಾಣಗಳು ಕಾಣುವುದಿಲ್ಲ. ಈ ಕೆಲಸಕ್ಕೆ ಅದನ್ನು ನೆಚ್ಚಬಾರದು.

ತೂಕದಲ್ಲಿ ಇನ್ನೊಂದು ತೊಡಕಿದೆ. ಕ್ಷಯವೇ ಮೈ ಕರಗಿಸುತ್ತದೆ. ರೋಗ ಪತ್ತೆಯಾದ ದಿನ ಬಿಎಂಐ 16ಕ್ಕೆ ಇಳಿದಿದ್ದರೆ ಅದು ಕಾರಣವೋ ಫಲವೋ? ರಕ್ತದ ಸಕ್ಕರೆಯೂ ಸೋಂಕಿನ ಹೊಡೆತಕ್ಕೆ ತಾತ್ಕಾಲಿಕವಾಗಿ ಏರುವುದುಂಟು. ಚಿಕಿತ್ಸೆ ಸಾಗಿದ ಮೇಲೆ ಮತ್ತೆ ಅಳೆಯಬೇಕು. ಆರೋಗ್ಯವಂತರನ್ನು ಮೊದಲೇ ತೂಗಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಿಗೆ ಬೆಲೆ ಇರುವುದು ಇದಕ್ಕೇ. ಅಂಥವನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯಲ್ಲಿ ಬಿಎಂಐ ಒಂದು ಅಂಕ ಏರಿದಂತೆ ಕ್ಷಯ ಸುಮಾರು 14% ಇಳಿದಿತ್ತು. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೂ ಆಹಾರ ಧಾನ್ಯ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು: ಅಂಥ ಮನೆಗಳಲ್ಲಿ ಹೊಸ ಕ್ಷಯ ಸುಮಾರು 39% ಕಡಿಮೆ. ಬಾಣದ ದಿಕ್ಕಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಅಪರೂಪ.

ಅಪಾಯ ಎಷ್ಟು ಪಟ್ಟು ಎಂಬುದೊಂದೇ ಸಾಲದು, ಎಷ್ಟು ಜನರಲ್ಲಿದೆ ಎಂಬುದೂ ಬೇಕು. ಒಂದು ಜನಸಮುದಾಯದ 1% ಮಂದಿಗೆ ಎಚ್‌ಐವಿ ಇದ್ದು ಅಪಾಯ 16 ಪಟ್ಟು ಎಂದರೆ, 0.01ನ್ನು ಹೆಚ್ಚುವರಿ 15ರಿಂದ ಗುಣಿಸಿದಾಗ 0.15; ಅದನ್ನು 1 ಕೂಡಿಸಿದ ಮೊತ್ತದಿಂದ ಭಾಗಿಸಿದರೆ 0.15/1.15, ಅಂದರೆ ಕ್ಷಯದ 13% ಅದರ ಪಾಲು. 20% ಮಂದಿಗೆ ಅಪೌಷ್ಟಿಕತೆಯಿದ್ದು ಅಪಾಯ 3 ಪಟ್ಟು ಮಾತ್ರ ಎಂದುಕೊಂಡರೂ 0.4/1.4, ಸುಮಾರು 29%. ಈ ಪಾಲುಗಳನ್ನು ಕೂಡಿಸಲು ಮಾತ್ರ ಹೋಗಬಾರದು; ಒಬ್ಬನೇ ರೋಗಿ ಎರಡು ಲೆಕ್ಕದಲ್ಲೂ ಇರುತ್ತಾನೆ.

ಇಷ್ಟೆಲ್ಲ ಮಾಡಿದರೂ ನೋಂದಣಿಯಾದ ರೋಗಿಗಳನ್ನಷ್ಟೇ ಎಣಿಸಿದರೆ ಬಡತನ ಇನ್ನೊಂದು ಕಡೆಯಿಂದ ಜಾರಿಕೊಳ್ಳುತ್ತದೆ. ಕಫ ಪರೀಕ್ಷೆಯವರೆಗೆ ಬರಲಾಗದವರು ಹೆಚ್ಚಾಗಿ ಕಡುಬಡವರೇ. ಅವರು ರೋಗಿಗಳ ಪಟ್ಟಿಯಲ್ಲಿರುವುದಿಲ್ಲ. ಕೆಲವೊಮ್ಮೆ ‘ಆರೋಗ್ಯವಂತ’ರ ಪಟ್ಟಿಯಲ್ಲಿ ಕೆಮ್ಮುತ್ತಾ ಕೂತಿರುತ್ತಾರೆ. ಮನೆಮನೆಗೆ ಹೋಗಿ ಎಕ್ಸ್‌ರೇ, ಕಫ ಎರಡನ್ನೂ ನೋಡುವ ಸಮೀಕ್ಷೆ ದುಬಾರಿಯಾದರೂ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆಗ ಒಂದೇ ಮನೆಯವರನ್ನು ಪರಸ್ಪರ ಸಂಬಂಧವಿಲ್ಲದವರಂತೆ ಎಣಿಸದೆ, ಮನೆ ಮತ್ತು ಊರನ್ನು ಬೇರೆ ಬೇರೆ ಹಂತಗಳಾಗಿ ಹಿಡಿಯುವ ಬಹುಹಂತದ ಮಾದರಿ ಬಳಸಬೇಕು.