"ಐದು ದಿನ ತಗೊಂಡೆ ಡಾಕ್ಟ್ರೇ, ಏನೂ ಆಗಲಿಲ್ಲ"

ಖಿನ್ನತೆಗೆ ಮಾತ್ರೆ ಬರೆದುಕೊಟ್ಟ ಮೇಲೆ ನನಗೆ ಪದೇ ಪದೇ ಕೇಳಿಬರುವ ಮಾತು ಇದು. ಇನ್ನು ಕೆಲವರದ್ದು ತಲೆನೋವಿನ ಮಾತ್ರೆಯ ಲೆಕ್ಕ. ಬೇಜಾರಾದ ದಿನ ಒಂದು ನುಂಗುವುದು, ಚೆನ್ನಾಗಿದ್ದ ದಿನ ರಜೆ. ಬೈಯೋಣ ಅನ್ನಿಸುತ್ತದೆ. ಬೈಯುವ ಬದಲು ಇಲಿಯ ಕಥೆ ಹೇಳುತ್ತೇನೆ.

ಓದುವ ಕಾಲದಲ್ಲಿ ಕೆಲವು ತಿಂಗಳು ಒಂದು ಲ್ಯಾಬಿನಲ್ಲಿದ್ದೆ. ಅರಿವಳಿಕೆ ಕೊಟ್ಟು ಮಲಗಿಸಿದ ಇಲಿ. ಕೂದಲಿಗಿಂತ ಸಣ್ಣ ತುದಿಯ ಎಲೆಕ್ಟ್ರೋಡನ್ನು ಅದರ ಮಿದುಳಿನ ಕಾಂಡಕ್ಕೆ ಇಳಿಸುತ್ತಿದ್ದೆವು. ಅಲ್ಲಿ ರಾಫೆ ಅನ್ನುವ ಜಾಗವಿದೆ. ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮಿದುಳಿಗೆಲ್ಲ ಹಂಚುವ ಕೋಶಗಳು ಇರುವುದು ಅಲ್ಲೇ. ಒಂದು ಕೋಶ ಸಿಕ್ಕಿತೆಂದರೆ ಅದರ ವಿದ್ಯುತ್ ಮಿಡಿತ ಸ್ಪೀಕರಿನಲ್ಲಿ ಟಕ್... ಟಕ್... ಟಕ್. ಸೆಕೆಂಡಿಗೆ ಒಂದೋ ಎರಡೋ, ಗೋಡೆ ಗಡಿಯಾರದ ಹಾಗೆ. ಈಗ ಖಿನ್ನತೆಯ ಔಷಧಿಯನ್ನು ರಕ್ತಕ್ಕೆ ಬಿಟ್ಟರೆ ಸದ್ದು ಜೋರಾಗಬೇಕು, ಅಲ್ವಾ? ಇಲ್ಲ. ಕೆಲವೇ ನಿಮಿಷದಲ್ಲಿ ನಿಧಾನವಾಗುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಮೊದಲ ಸಲ ಹೀಗಾದಾಗ ವೈರ್ ಕಿತ್ತುಹೋಯಿತೆಂದು ಗಾಬರಿಯಾಗಿ ಎಲ್ಲ ಪ್ಲಗ್ ಅಲುಗಾಡಿಸಿ ನೋಡಿದ್ದೆ.

ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಮಾಡುವುದು ಇಷ್ಟೇ: ಕೋಶ ಹೊರಗೆ ಬಿಟ್ಟ ಸೆರೊಟೋನಿನ್ ವಾಪಸ್ ಒಳಗೆ ಹೋಗದಂತೆ ಬಾಗಿಲು ಹಾಕುತ್ತದೆ. ಅದು ಮೊದಲ ದಿನವೇ ಆಗುತ್ತದೆ. ಆದರೆ ಅದೇ ಕೋಶದ ಮೈಮೇಲೆ "ಸಾಕು, ನಿಲ್ಲಿಸು" ಅನ್ನುವ ಗ್ರಾಹಕಗಳಿವೆ. ಟ್ಯಾಂಕಿನ ಬಾಲ್‌ಕಾಕ್ ಇದ್ದಂತೆ. ನೀರು ಏರಿದರೆ ನಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಔಷಧಿ ಒಂದು ಕಡೆಯಿಂದ ಕೊಟ್ಟದ್ದನ್ನು ಮಿದುಳು ಇನ್ನೊಂದು ಕಡೆಯಿಂದ ಕಿತ್ತುಕೊಳ್ಳುತ್ತದೆ.

1983ರಲ್ಲಿ ಬ್ಲಿಯೆ ಮತ್ತು ದ ಮೊಂಟಿನ್ಯಿ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ದಿನಾ ಜಿಮೆಲಿಡಿನ್ ಕೊಟ್ಟು ಈ ಟಕ್ ಟಕ್ ಎಣಿಸಿದರು. ಅದೂ ಇದೇ ಜಾತಿಯ ಔಷಧಿ, ಈಗ ಬಳಕೆಯಲ್ಲಿಲ್ಲ. 2 ದಿನ ಕೊಟ್ಟಾಗ ಬಡಿತ ತೀರಾ ಕಡಿಮೆ. 7 ದಿನಕ್ಕೆ ಅರ್ಧಂಬರ್ಧ ಚೇತರಿಕೆ. 14 ದಿನಕ್ಕೆ ಮೊದಲಿನ ವೇಗ. ಔಷಧಿ ನಿಲ್ಲಿಸಿರಲಿಲ್ಲ, ನೆನಪಿರಲಿ. ಬಾಗಿಲು ಮುಚ್ಚಿಯೇ ಇತ್ತು, ಬಾಲ್‌ಕಾಕ್ ಸಡಿಲವಾಗಿತ್ತು ಅಷ್ಟೇ. ಆಮೇಲೇ ಸೆರೊಟೋನಿನ್ ಸರಿಯಾಗಿ ಮುಂದಕ್ಕೆ ತಲುಪುವುದು. ನೀವು ಮಾತ್ರೆ ಎಸೆದ ಐದನೇ ದಿನ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ, ನೀವೇ ನೋಡಿ.

ಇದೊಂದೇ ಕಾರಣ ಅನ್ನುತ್ತಿಲ್ಲ. ವಾರಗಟ್ಟಲೆ ಔಷಧಿ ತಿಂದ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ, ಅಂದರೆ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿ, ಹೊಸ ಕೋಶಗಳು ಜಾಸ್ತಿ ಹುಟ್ಟುತ್ತವೆ ಎಂದು 2000ದಲ್ಲಿ ತೋರಿಸಿದರು. ಅವು ಬಲಿಯುವುದಕ್ಕೂ ವಾರಗಳೇ ಬೇಕು. ಮತ್ತೆ, 14 ದಿನ ಅನ್ನುವುದು ಇಲಿಯ ಲೆಕ್ಕ. ನಿಮ್ಮ ತಲೆಗೆ ನಾನು ಎಲೆಕ್ಟ್ರೋಡ್ ಇಳಿಸಲಾರೆ. ಕೆಲವರಿಗೆ ಮೊದಲ ವಾರದಲ್ಲೇ ಸ್ವಲ್ಪ ಹಗುರ ಅನ್ನಿಸುತ್ತದೆ, ಕೆಲವರಿಗೆ ಆರು ವಾರ ಬೇಕು. ಶುರುವಿನಲ್ಲಿ ವಾಕರಿಕೆ, ಚಡಪಡಿಕೆ ಆಗಬಹುದು. ಸಾಯುವ ಯೋಚನೆ ಬಂದರಂತೂ ತಡಮಾಡದೆ ಡಾಕ್ಟರಿಗೆ ಹೇಳಿ.

"ಇಲಿಗೆ ಒಂದೇ ದಿನದಲ್ಲಿ ಗುಣವಾಯಿತಂತಲ್ಲ" ಎಂದು ಪೇಪರ್ ತುಣುಕು ಹಿಡಿದು ಬರುವವರೂ ಇದ್ದಾರೆ. ಅದು ಪೋರ್ಸೋಲ್ಟ್ ಎಂಬ ವಿಜ್ಞಾನಿ 1977ರಲ್ಲಿ ಶುರುಮಾಡಿದ ಈಜಿನ ಪರೀಕ್ಷೆ. ನೀರಿನ ಜಾಡಿಗೆ ಬಿಟ್ಟ ಇಲಿ ಸ್ವಲ್ಪ ಹೊತ್ತು ಒದ್ದಾಡಿ ಆಮೇಲೆ ಸುಮ್ನೆ ತೇಲುತ್ತದೆ. ಔಷಧಿ ಕೊಟ್ಟರೆ, ಒಂದು ದಿನದೊಳಗೆ ಕೊಟ್ಟದ್ದಾದರೂ, ಜಾಸ್ತಿ ಹೊತ್ತು ಒದ್ದಾಡುತ್ತದೆ. ಹೊಸ ಔಷಧಿ ಹುಡುಕಲು ಒಳ್ಳೆ ಜರಡಿ. ಆದರೆ ತೇಲುವ ಇಲಿಗೆ ಬೇಜಾರಾಗಿದೆ ಅಂತ ಯಾರು ಹೇಳಿದರು? ಜಾಣತನದಿಂದ ಶಕ್ತಿ ಉಳಿಸಿಕೊಳ್ಳುತ್ತಿರಬಹುದು.

ಹಿಂದೊಮ್ಮೆ ಲೆಕ್ಕಪತ್ರ ನೋಡಿಕೊಳ್ಳುವ ಯಜಮಾನರೊಬ್ಬರು ಈ ಕಥೆಯೆಲ್ಲ ಕೇಳಿ ಕ್ಯಾಲೆಂಡರಿನಲ್ಲಿ 14 ದಿನ ಗುರುತು ಹಾಕಿಕೊಂಡರು. 15ನೇ ದಿನ ಬಂದು, "ಇಲಿ ಗೆದ್ದಿತು ಡಾಕ್ಟ್ರೇ" ಅಂದರು. ಮುಂದುವರಿಸಿ ಅಂದೆ. ಐದನೇ ವಾರ ಹೆಂಡತಿಯ ಜೊತೆ ಬಂದರು. ಇವರದ್ದು ಅದೇ ರಾಗ, ಏನೂ ವ್ಯತ್ಯಾಸ ಇಲ್ಲ ಅಂತ. ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: "ಸುಳ್ಳು ಡಾಕ್ಟ್ರೇ. ಮೊನ್ನೆಯಿಂದ ಪೇಪರ್ ಓದಿಕೊಂಡು ನನ್ನ ಜೊತೆ ವಾದಕ್ಕೆ ಇಳೀತಿದ್ದಾರೆ, ಮೊದಲಿನ ಹಾಗೇ."