ಪಿಚ್ಚರ್‌ನ ಮೊಣಕೈ: ಎಸೆತದ ಕ್ರಮ, ಗಾಯದ ಸಂಭವ, ಆಟಗಾರನ ಬೆಲೆ

ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ನತ್ತ ಚೆಂಡೆಸೆಯುವ ಪಿಚ್ಚರ್‌ನ ವೇಗ ಕೈಯೊಂದರಿಂದಲೇ ಹುಟ್ಟುವುದಿಲ್ಲ. ಕಾಲು ನೆಲವನ್ನು ಒತ್ತಿದಾಗ ಸಿಗುವ ಬಲ ಸೊಂಟ, ಮುಂಡ, ಭುಜಗಳನ್ನು ಸರದಿಯಂತೆ ದಾಟಿ ಬೆರಳ ತುದಿಗೆ ಮುಟ್ಟುತ್ತದೆ. ಅಭ್ಯಾಸಿಗಳು ವಿಡಿಯೊ ನಿಲ್ಲಿಸಿ ನೋಡಬೇಕಾದದ್ದು ಮುಂದಿನ ಪಾದ ನೆಲಕ್ಕೆ ತಾಗುವ ಗಳಿಗೆಯನ್ನು. ಆ ವೇಳೆಗೆ ಚೆಂಡು ಹಿಡಿದ ಕೈ ಮೇಲೆದ್ದಿರಬೇಕು. ತಡವಾದರೆ, ಮುಂಡ ಆಗಲೇ ಬ್ಯಾಟರ್‌ನತ್ತ ತಿರುಗತೊಡಗಿರುವುದರಿಂದ, ಹಿಂದುಳಿದ ಕೈ ಅದನ್ನು ಕೂಡಿಕೊಳ್ಳುವ ಭರದಲ್ಲಿ ಭುಜ ಮತ್ತು ಮೊಣಕೈಗಳ ಮೇಲೆ ಹೆಚ್ಚಿನ ಹೊರೆ ಬೀಳಬಹುದು.

ಮುಂಗೈ ಹಿಂದಕ್ಕೆ ಪೂರ್ತಿ ವಾಲಿದಾಗ ಮೊಣಕೈಯ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಗಟ್ಟಿ ಪಟ್ಟಿ) ಬಿಗಿಯಾಗಿ ಸೆಳೆಯಲ್ಪಡುತ್ತದೆ. ನುರಿತ ಪಿಚ್ಚರ್‌ಗಳಲ್ಲಿ ಈ ಹಂತದ ತಿರುಚುಬಲ ಸುಮಾರು 64 ನ್ಯೂಟನ್-ಮೀಟರ್ ಎಂದು ಪ್ರಯೋಗಾಲಯದಲ್ಲಿ ಅಳೆಯಲಾಗಿದೆ. ಆದರೆ ಶವಗಳ ಮೊಣಕೈ ಮೇಲೆ ನಡೆದ ಪರೀಕ್ಷೆಗಳಲ್ಲಿ ಲಿಗಮೆಂಟ್ ಹೆಚ್ಚುಕಡಿಮೆ ಅದರ ಅರ್ಧಕ್ಕೇ ಹರಿದಿದೆ. ಉಳಿದ ಭಾರವನ್ನು ಹೊರುವುದು ಮುಂಗೈಯ ಸ್ನಾಯುಗಳು ಮತ್ತು ಮೂಳೆಗಳ ಜೋಡಣೆ. ದಣಿದ ಪಿಚ್ಚರ್‌ನ ವಿಷಯದಲ್ಲಿ ಆತಂಕ ಪಡಬೇಕಾದದ್ದು ಇದೇ ಕಾರಣಕ್ಕೆ: ಸ್ನಾಯು ಸೋತರೆ ಲಿಗಮೆಂಟ್‌ಗೆ ಆಸರೆ ಕಡಿಮೆಯಾಗುತ್ತದೆ.

ಹಾಗೆಂದು ಎಸೆತದ ಅಂದವನ್ನು ನೋಡಿ ಭವಿಷ್ಯ ಹೇಳಲಾಗದು. ಚಿಕಾಗೊ ಕಬ್ಸ್ ತಂಡದ ಮಾರ್ಕ್ ಪ್ರಯರ್ ಅವರ ಶೈಲಿಯನ್ನು ದೋಷರಹಿತವೆಂದು ಹೊಗಳಲಾಗಿತ್ತು. 2003ರಲ್ಲಿ 18 ಪಂದ್ಯ ಗೆದ್ದ ಅವರು 2006ರ ನಂತರ ಉತ್ತರ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಮತ್ತೆ ಪಿಚ್ ಮಾಡಲಿಲ್ಲ. ಆ 2003ರ ಸೆಪ್ಟೆಂಬರ್‌ನಲ್ಲಿ ಅವರು ಹಲವು ಪಂದ್ಯಗಳಲ್ಲಿ 120ಕ್ಕೂ ಹೆಚ್ಚು ಎಸೆತ ಹಾಕಿದ್ದರು. 2005ರಲ್ಲಿ ಬ್ಯಾಟರ್ ಹೊಡೆದ ಚೆಂಡು ನೇರವಾಗಿ ಬಂದು ಅವರ ಮೊಣಕೈಗೆ ಬಡಿದಿತ್ತು. ಶೈಲಿ, ಹೊರೆ, ದುರದೃಷ್ಟಗಳನ್ನು ಇಲ್ಲಿ ಬಿಡಿಸಿ ನೋಡುವುದು ಕಷ್ಟ.

ಬೆಲೆಯ ಪ್ರಶ್ನೆ ತೊಡಕಾಗುವುದು ವೇಗದಿಂದಾಗಿ. ತಂಡಗಳು ಹಣ ಸುರಿಯುವುದು ವೇಗಕ್ಕೆ. ಮೊಣಕೈಯ ಹೊರೆ ಏರುವುದೂ ಅದರಿಂದಲೇ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಪಿಚ್ಚರ್ ಟಾಮಿ ಜಾನ್ ಅವರಿಗೆ ಹೊಸ ಲಿಗಮೆಂಟ್ ಕಟ್ಟಿಕೊಟ್ಟ ಮೇಲೆ, ಹರಿದ ಮೊಣಕೈಯೊಂದಿಗೂ ವೃತ್ತಿಜೀವನ ಮುಂದುವರಿಯಬಹುದೆಂಬ ಭರವಸೆ ಮೂಡಿತು; ಜಾನ್ ತಮ್ಮ 288 ಗೆಲುವುಗಳಲ್ಲಿ 164ನ್ನು ಪಡೆದದ್ದು ಆ ಶಸ್ತ್ರಚಿಕಿತ್ಸೆಯ ನಂತರವೇ. ಅದೇ ಶಸ್ತ್ರಚಿಕಿತ್ಸೆಗೆ 2010ರಲ್ಲಿ ಒಳಗಾದ ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರಲ್ಲಿ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರರಾದರು. ಅದರ ಬೆನ್ನಿಗೇ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಅವರೊಂದಿಗೆ 7 ವರ್ಷಗಳಿಗೆ 24.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಆ ಬಳಿಕ ಗಾಯಗಳ ನಡುವೆ ಅವರು ಆಡಿದ್ದು 8 ಪಂದ್ಯ ಮಾತ್ರ. ಮೇಜರ್ ಲೀಗ್‌ನ ಇಂಥ ಒಪ್ಪಂದಗಳಲ್ಲಿ ಗಾಯಾಳುವಿಗೂ ಹಣ ಸಲ್ಲಲೇಬೇಕು. ಆದ್ದರಿಂದ ಪಿಚ್ಚರ್‌ನ ಬೆಲೆ ಕಟ್ಟುವವರು ಆತ ಎಷ್ಟು ವೇಗವಾಗಿ ಎಸೆಯುತ್ತಾನೆ ಎಂಬುದರ ಜೊತೆಗೆ, ಆ ವೇಗದಲ್ಲಿ ಎಷ್ಟು ಇನ್ನಿಂಗ್ಸ್ ಉಳಿಯಬಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.